ಇಂಗ್ಲಿಷ್ ಮಾತಿನ ನಡುವೆ ‘ಘಬರಾವೋ’: ಈಗಿನ ಚಾಳಿಯಾ, ಹಳೇ ರೂಢಿನಾ?

ಕೆರೆದಂಡೆ

ಮೊನ್ನೆ ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದುಹೋಯಿತು. ಚಾಟ್ ಗ್ರೂಪ್‌ನಲ್ಲಿ ಎಲ್ಲರೂ ಒಂದೇ ಸಮ ಮೆಸೇಜ್ ಹಾಕುತ್ತಿದ್ದರು. ಟೀಮ್ ಲೀಡ್ ಕಾನ್ಪುರದವರು. ‘ಗಾಯ್ಸ್, ಡೋಂಟ್ ಘಬರಾವೋ, ಬ್ಯಾಕಪ್ ಇಸ್ ದೇರ್’ ಅಂತ ಬರೆದರು. ಟೆಕ್ಸಾಸ್‌ನಲ್ಲಿ ಕೂತವರೊಬ್ಬರು ‘ಘಬರಾವೋ ಯಾವ ಟೂಲ್? ನನಗೆ ಆಕ್ಸೆಸ್ ಕೊಟ್ಟಿಲ್ಲ’ ಅಂತ ಉತ್ತರಿಸಿದರು. ಸಂಜೆಯ ಹೊತ್ತಿಗೆ ಅದು ಪೂರ್ತಿ ಇಂಗ್ಲಿಷ್ ಕ್ರಿಯಾಪದವೇ ಆಗಿತ್ತು. ‘ಐ ವಾಸ್ ಸೋ ಘಬರಾವ್ಡ್’, ‘ಸ್ಟಾಪ್ ಘಬರಾವಿಂಗ್ ಮಿ’, ಹೀಗೆ.

ಹಿಂದಿಯವರು ಇಂಗ್ಲಿಷ್‌ನಲ್ಲಿ ಹೀಗೆ ಆಡೋದು ವಾಟ್ಸಾಪ್ ಬಂದ ಮೇಲಿನ ಚಾಳಿಯಾ, ಇಲ್ಲ ಹಳೇದಾ? ನರ್ವಸ್, ಪ್ಯಾನಿಕ್, ಸ್ಟಾರ್ಟಲ್ ಅಂತ ಇಷ್ಟು ಪದ ಇಂಗ್ಲಿಷ್‌ನಲ್ಲೇ ಇರುವಾಗ ಇದು ಯಾಕೆ ಬೇಕಾಯಿತು? ತಿಳಿದವರು ಹೇಳಿ.

ಸುಮ್ನಿರ್ಲಾರೆ

ಭಯ ಆದಾಗ ಬಾಯಿಗೆ ಬರೋದು ಮನೆಮಾತು. ಕಲ್ಲು ಎಡವಿದಾಗ ಯಾರಾದರೂ ‘ಔಚ್’ ಅಂತಾರಾ? ‘ಅಮ್ಮಾ’ ಅಂತಲೇ ಅಲ್ವಾ?

ಅಚ್ಚಕನ್ನಡಿಗ

ನನ್ನ ಮಗಳು ಔಚ್ ಅಂತಾಳೆ. ಅದು ಹಾಗಿರಲಿ.

ನನಗೆ ಕಾಡೋದು ಬೇರೆ. ಬೆಂಗಳೂರಿನ ಆಫೀಸು. ಮಾತು ಇಂಗ್ಲಿಷ್. ನಡುವೆ ಬಂದು ಕೂತದ್ದು ಹಿಂದಿ. ಕನ್ನಡಕ್ಕೆ ಮಾತ್ರ ಜಾಗ ಇಲ್ಲ. ಕಾನ್ಪುರದವರು ‘ಡೋಂಟ್ ಘಬರಾವೋ’ ಅಂದರೆ ನಗು. ನಮ್ಮವನೊಬ್ಬ ‘ಡೋಂಟ್ ಗಾಬರಿ’ ಅಂದರೆ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಕಳಿಸ್ತಾರೆ.

ನಿಘಂಟುಹುಳ

ಹಳೇದೇ. ಅಚ್ಚಾದ ನಿಘಂಟಿನಲ್ಲೇ ಇದೆ.

ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ ‘ಹಾಬ್ಸನ್-ಜಾಬ್ಸನ್’ ಅನ್ನೋ ಆಂಗ್ಲೋ-ಇಂಡಿಯನ್ ಪದಕೋಶ 1886ರಲ್ಲಿ ಬಂತು. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ನಮ್ಮ ಪದಗಳು ಏನೇನಾದವು ಅಂತ ನೋಡಬೇಕಾದರೆ ಅದೇ ಗತಿ. ಆ ಪುಸ್ತಕದ ಹೆಸರೇ ಒಂದು ಉದಾಹರಣೆ. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಕೂಗು ಬಿಳಿ ಸಿಪಾಯಿಗಳ ಬಾಯಲ್ಲಿ ಹಾಬ್ಸನ್-ಜಾಬ್ಸನ್ ಆಗಿತ್ತು.

ಅದರಲ್ಲಿ ‘ಗಬ್‌ಬ್ರೌ’ ಅಂತ ಒಂದು ಕ್ರಿಯಾಪದ ಇದೆ. ಸ್ಪೆಲಿಂಗ್ ಜಿ-ಯು-ಬಿ-ಬಿ-ಆರ್-ಓ-ಡಬ್ಲ್ಯು. ಅರ್ಥ ಏನು ಕೊಟ್ಟಿದ್ದಾರೆ ಗೊತ್ತಾ? ಒಬ್ಬರನ್ನು ಗದರಿಸಿ, ಬಾಯಿ ಕಟ್ಟಿಸಿ, ಕಂಗೆಡಿಸೋದು. ಘಬರಾನಾ ಅನ್ನೋದರ ಆಜ್ಞಾರೂಪ ‘ಘಬರಾವೋ’ದಿಂದ ಬಂತು ಅಂತಲೂ ಅಲ್ಲೇ ಬರೆದಿದ್ದಾರೆ. ಹಿಂದಿಯಲ್ಲಿ ಅದು ಸಾಮಾನ್ಯವಾಗಿ ತಾನೇ ಗಾಬರಿ ಬೀಳೋದು. ಇಂಗ್ಲಿಷರ ಕೈಗೆ ಸಿಕ್ಕ ಮೇಲೆ ಇನ್ನೊಬ್ಬರನ್ನು ಗಾಬರಿ ಬೀಳಿಸೋದಾಯಿತು. ಹಾಗೆ ನೋಡಿದರೆ ನಿಮ್ಮ ಆಫೀಸಿನ ‘ಸ್ಟಾಪ್ ಘಬರಾವಿಂಗ್ ಮಿ’ ಸರಿಯಾಗಿ 1886ರ ಪ್ರಯೋಗ!

ಇದೊಂದೇ ಅಲ್ಲ. ‘ಪಕರೌ’ ಅಂದರೆ ಹಿಡಿದು ಹಾಕೋದು, ಪಕಡಾವೋದಿಂದ. ‘ಫೂಜಿಲೌ’ ಅಂದರೆ ಪೂಸಿ ಹೊಡೆಯೋದು, ಫುಸಲಾವೋದಿಂದ. ‘ಲುಗೌ’ ಅಂದರೆ ದೋಣಿಯನ್ನು ದಡಕ್ಕೆ ತಂದು ಕಟ್ಟೋದು, ಲಗಾವೋದಿಂದ. ಹಿಂದುಸ್ತಾನಿಯ ಆಜ್ಞಾರೂಪ ತಗೊಂಡು ಇಂಗ್ಲಿಷಿನ ಮೂಲ ಕ್ರಿಯಾಪದ ಮಾಡಿಕೊಳ್ಳೋದು ಆಂಗ್ಲೋ-ಇಂಡಿಯನ್ನರ, ಅಂದರೆ ಇಲ್ಲಿದ್ದ ಇಂಗ್ಲಿಷರ, ಸಾಮಾನ್ಯ ರೂಢಿ ಅಂತ ಪುಸ್ತಕದವರೇ ಹೇಳ್ತಾರೆ.

ಸುಮ್ನಿರ್ಲಾರೆ

ಎಲ್ಲಾ ಬಿಟ್ಟು ಆಜ್ಞಾರೂಪವೇ ಯಾಕೆ?

ನಿಘಂಟುಹುಳ

ಸಾಹೇಬರು ಆ ಭಾಷೆ ಆಡುತ್ತಿದ್ದದ್ದೇ ಹುಕುಂ ಕೊಡೋದಕ್ಕೆ ಅಲ್ವಾ? ಅಂಬಿಗನಿಗೆ ‘ಲಗಾವೋ’, ಬಟ್ಲರ್‌ಗೆ ‘ಬನಾವೋ’, ಸಿಪಾಯಿಗೆ ‘ಪಕಡೋ’. ನಾನು ಹೋದೆ, ಅವಳು ಹೋದಳು, ನಾವು ಹೋಗೋಣವಾ ಅನ್ನೋ ರೂಪಗಳು ಬಾಯಿಗೆ ಬರಬೇಕಾದರೆ ಪಕ್ಕದಲ್ಲಿ ಕೂತು ಹರಟೆ ಹೊಡೆದಿರಬೇಕು. ‘ಪಕರೌ’ ಬಗ್ಗೆ ಬರೆಯುವಾಗ ಇದು ಯುರೋಪಿಯನ್ ಸೋಲ್ಜರ್‌ಗಳ ಮಾತು ಅಂತ ಹಾಬ್ಸನ್-ಜಾಬ್ಸನ್ ಬೇರೆಯಾಗಿಯೇ ಹೇಳುತ್ತದೆ. ಹಿಡಿಯೋದು ಯಾರನ್ನು? ಮಾತು ಕೇಳದ ನೇಟಿವ್ ಮನುಷ್ಯನನ್ನು!

ಇವುಗಳಲ್ಲಿ ಹೆಚ್ಚಿನವು ಸತ್ತುಹೋದವು. ‘ದೇಖೋ’ದಿಂದ ಬಂದ ‘ಡೆಕ್ಕೋ’ ಮಾತ್ರ ಬ್ರಿಟನ್ನಿನಲ್ಲಿ ಗಟ್ಟಿಯಾಗಿ ಉಳಿಯಿತು. ‘ಹ್ಯಾವ್ ಎ ಡೆಕ್ಕೋ’ ಅಂದರೆ ಒಂಚೂರು ಕಣ್ಣು ಹಾಯಿಸು ಅಂತ.

ಅಂದಹಾಗೆ ಬರ್ನೆಲ್ ನಮಗೆ ತೀರಾ ದೂರದವರಲ್ಲ. ಮದ್ರಾಸ್ ಸಿವಿಲ್ ಸರ್ವಿಸ್‌ನವರು, ಮಂಗಳೂರಿನಲ್ಲೂ ಕೆಲಸ ಮಾಡಿದ್ದರು. ತುಳುನಾಡಿನ ಭೂತಾರಾಧನೆಯ ಪಾಡ್ದನಗಳ ಬಗ್ಗೆ ಅವರು ಕೂಡಿಹಾಕಿದ್ದ ಸಾಮಗ್ರಿ ಅವರು ಹೋದ ಮೇಲೆ ಅಚ್ಚಾಯಿತು. 1882ರಲ್ಲೇ ತೀರಿಕೊಂಡರು. ಹಾಬ್ಸನ್-ಜಾಬ್ಸನ್ ಪುಸ್ತಕವಾಗಿ ಬಂದದ್ದನ್ನೂ ನೋಡಲಿಲ್ಲ.

ಬೀದರ್ ಬಿಸಿಲು

ನಿಘಂಟುಹುಳ ಅವರೇ, ಹಿಡಿ, ತಾ, ಕಟ್ಟು ಅಂತ ಹುಕುಂ ಕೊಡ್ತಾರೆ, ಒಪ್ಪಿದೆ. ‘ಗಾಬರಿಯಾಗು’ ಅಂತ ಯಾರಾದರೂ ಹುಕುಂ ಕೊಡ್ತಾರಾ? ಯೋಚನೆ ಮಾಡಿ ನೋಡಿ.

ನಮ್ಮ ಮನೆಮಾತು ದಖನಿ, ಅಂದರೆ ನಮ್ಮ ಕಡೆಯ ಉರ್ದು. ನಮ್ಮಲ್ಲಿ ಬರೀ ‘ಘಬರಾವೋ’ ಅಂತ ನಾನು ಕೇಳಿಯೇ ಇಲ್ಲ. ಯಾವಾಗಲೂ ‘ಘಬರಾವೋ ನಕ್ಕೋ’. ಲಖನೌ ಕಡೆಯವರು ‘ಘಬರಾವೋ ಮತ್’ ಅಂತಾರೆ. ಬೇಡ ಅನ್ನೋ ಮಾತು ಬಾಲದ ಹಾಗೆ ಹಿಂದೆ ಇದ್ದೇ ಇರುತ್ತದೆ. ಹಾಗಾಗಿ ನನ್ನ ಲೆಕ್ಕ ಹೀಗೆ: ಸಾಹೇಬರಿಗೆ ಯಾರೋ ‘ಸಾಬ್, ಘಬರಾವೋ ಮತ್’ ಅಂದಿದ್ದಾರೆ. ಸಾಹೇಬರು ಮೊದಲ ಅರ್ಧ ಹಿಡಿದುಕೊಂಡರು, ‘ಮತ್’ ಬಿಟ್ಟರು. ಕಾನ್ಪುರದ ನಿಮ್ಮ ಲೀಡ್ ಆ ‘ಮತ್’ ಅನ್ನು ‘ಡೋಂಟ್’ ಮಾಡಿ ಮುಂದೆ ತಂದು ಕೂರಿಸಿದ್ದಾರೆ. ಅವರ ಇಂಗ್ಲಿಷ್ ಸಾಹೇಬರ ಹಿಂದುಸ್ತಾನಿಗಿಂತ ಎಷ್ಟೋ ವಾಸಿ.

ಸುಮ್ನಿರ್ಲಾರೆ

ಗಾಬರಿಯಾಗು ಅಂತ ಹುಕುಂ ಕೊಡೋರು ಇದ್ದಾರೆ. ನಮ್ಮ ಪಿಯುಸಿ ಕೆಮಿಸ್ಟ್ರಿ ಮೇಷ್ಟ್ರು. ‘ಇನ್ನೂ ಗಾಬರಿ ಆಗಿಲ್ವಾ? ಪರೀಕ್ಷೆ ಹದಿನೈದು ದಿನ ಇದೆ, ಗಾಬರಿ ಆಗ್ರೋ!’

ನಿಘಂಟುಹುಳ

ಬೀದರ್ ಅವರ ಲೆಕ್ಕ ಚೆನ್ನಾಗಿದೆ. ಪುಸ್ತಕದಲ್ಲಿ ಹಾಗಂತ ಇಲ್ಲ. ಆದರೂ ಇನ್ನೊಬ್ಬರನ್ನು ಕಂಗೆಡಿಸೋ ಅರ್ಥದಲ್ಲೂ ಘಬರಾನಾ ಆಗೊಮ್ಮೆ ಈಗೊಮ್ಮೆ ಬರುತ್ತದೆ ಅಂತ ಒಂದು ಮಾತು ಸೇರಿಸಿದ್ದಾರೆ. ಅಲ್ಲಿಂದಲೂ ಜಾರಿರಬಹುದು.

ಕಿವಿಯ ಪ್ರಭಾವವೂ ಇದ್ದೀತು. ಇಂಗ್ಲಿಷ್‌ನಲ್ಲಿ ಗದರಿಸೋದಕ್ಕೆ ‘ಬ್ರೌಬೀಟ್’ ಅಂತ ಪದ ಇದೆ. ‘ಗಬ್‌ಬ್ರೌ’ ಬಾಲದಲ್ಲೂ ‘ಬ್ರೌ’. ಇದು ನನ್ನ ಊಹೆ ಮಾತ್ರ. ಆದರೆ ‘ಡಂಬ್‌ಕೌ’ ಅನ್ನೋ ಪದಕ್ಕೆ ಪುಸ್ತಕದವರೇ ಇಂಥ ವಿವರಣೆ ಕೊಡ್ತಾರೆ. ‘ಡಂಬ್’ ಅಂದರೆ ಮೂಕ, ‘ಕೌ’ ಅಂದರೆ ಹೆದರಿಸಿ ಬಗ್ಗಿಸೋದು. ಹಿಂದುಸ್ತಾನಿ ಪದ ಇಂಗ್ಲಿಷ್ ಕಿವಿಗೆ ಹಾಗೆ ಕೇಳಿಸಿತು, ಅರ್ಥವೂ ಅದೇ ಕಡೆ ವಾಲಿತು.

ಹಳೇ ಕರಡು

ಡಂಬ್‌ಕೌ ನಮ್ಮ ‘ಧಮಕಿ’ಯ ಮನೆಯದೇ ಇರಬೇಕಲ್ಲ? ಧಮಕಾನಾ, ಧಮಕಾವೋ?

ನಿಘಂಟುಹುಳ

ಎಲ್ಲರಿಗೂ ಮೊದಲು ಹಾಗೇ ಅನ್ನಿಸುತ್ತದೆ. ಹಾಬ್ಸನ್-ಜಾಬ್ಸನ್ ಹೇಳೋದು ಬೇರೆ: ‘ದಮ್ ಖಾನಾ’. ಉಸಿರು ತಿನ್ನೋದು, ಅಂದರೆ ತೆಪ್ಪಗಿರೋದು. ತಾನು ತೆಪ್ಪಗಿರೋ ಮಾತು ಇನ್ನೊಬ್ಬನನ್ನು ತೆಪ್ಪಗಾಗಿಸೋ ಮಾತಾಯಿತು. ಗಬ್‌ಬ್ರೌಗೆ ಆದದ್ದೂ ಇದೇ ಗತಿ. ಎರಡೂ ಕಡೆ ಸಾಹೇಬ ಗದರಿಸುವವನಾಗಿ ಬಿಟ್ಟ, ಗಾಬರಿ ಪೂರ್ತಿ ಎದುರಿನವನ ಪಾಲಿಗೆ.

ಹಳೇ ಕರಡು

ಪತ್ರಿಕೆಯಲ್ಲಿ ಕರಡು ತಿದ್ದಿ ಕಣ್ಣು ಮಂಜಾದ ಮನುಷ್ಯ ನಾನು. ಆ ‘ಫೂಜಿಲೌ’ ಓದಿದಾಗ ನಗು ಬಂತು. ಅದು ನಮ್ಮ ಕ್ರೈಂ ಪುಟದ ಹಳೇ ನೆಂಟ. ‘ಬಾಲಕನನ್ನು ಪುಸಲಾಯಿಸಿ ಕರೆದೊಯ್ದ’ ಅಂತ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. ವರದಿಗಾರರು ಅದನ್ನು ಅಚ್ಚಗನ್ನಡ ಅಂದುಕೊಂಡೇ ಬರೆಯುತ್ತಿದ್ದರು. ಅದೇ ಫುಸಲಾನಾ!

ಹಾಗಾದರೆ ನಾವು ಮಾಡಿದ್ದಕ್ಕೂ ಸಾಹೇಬರು ಮಾಡಿದ್ದಕ್ಕೂ ಏನು ವ್ಯತ್ಯಾಸ? ಸಾಹೇಬರು ಆಜ್ಞೆಯನ್ನು ಇಡಿಯಾಗಿ ಎತ್ತಿಕೊಂಡರು. ನಾವು ಹಿಂದಿ ಧಾತು ತಗೊಂಡು ಅದರ ಬಾಲಕ್ಕೆ ‘ಇಸು’ ಅಂಟಿಸಿದೆವು. ಫುಸಲಾ, ಪುಸಲಾಯಿಸು. ಚಲಾ, ಚಲಾಯಿಸು. ಜಮಾ, ಜಮಾಯಿಸು. ಸತಾ, ಸತಾಯಿಸು. ದಬಾ, ದಬಾಯಿಸು. ಬದಲಾಯಿಸು, ಅಜಮಾಯಿಸು, ಕಮಾಯಿಸು. ಕಾಲೇಜು ಹುಡುಗರ ಪಟಾಯಿಸು ಕೂಡ ಇದೇ ಸಾಲು. ಒಂದು ಸಲ ‘ಇಸು’ ಬಿತ್ತು ಅಂದರೆ ಮುಗೀತು. ಕನ್ನಡದ ಎಲ್ಲಾ ಕಾಲ, ಎಲ್ಲಾ ಲಿಂಗ, ಎಲ್ಲಾ ವಚನವೂ ಅದಕ್ಕೆ ಹತ್ತುತ್ತದೆ. ಚಲಾಯಿಸಿದಳು, ಚಲಾಯಿಸದಿದ್ದರೆ, ಚಲಾಯಿಸುವಂತಿಲ್ಲ. ಬಸ್ ಚಲಾಯಿಸೋ ಡ್ರೈವರಿಗೆ ತಾನು ಹಿಂದಿ ಆಡುತ್ತಿದ್ದೇನೆ ಅಂತ ಯಾವತ್ತಾದರೂ ಅನ್ನಿಸಿದೆಯಾ?

ಅಚ್ಚಕನ್ನಡಿಗ

ಕರಡು ಸಾರ್, ಅದು ನೂರಾರು ವರ್ಷ ಜೊತೆಗೆ ಬಾಳಿ ಬಂದದ್ದು. ನಾನು ಹೇಳುತ್ತಿರೋದು ಈಗ ಮೇಲಿಂದ ಬೀಳ್ತಿರೋದರ ಬಗ್ಗೆ. ಬ್ಯಾಂಕಿಗೆ ಹೋದರೆ ಹಿಂದಿ ಫಾರಂ. ಪೆಟ್ಟಿಗೆ ಅಂಗಡಿಗೆ ಹೋದರೆ ‘ಕಿತ್ನಾ’. ಸಿಟ್ಟು ಬರೋದು ಪದದ ಮೇಲಲ್ಲ. ಆ ಧೋರಣೆ ಮೇಲೆ.

ಇನ್ನು ಇಂಗ್ಲಿಷ್‌ಗೆ ಭಾರತದ ಪದವೇ ಬೇಕಿದ್ದರೆ ‘ಗಾಬರಿ’ ಕೊಡಿ. ಅಯ್ಯೋ ಅನ್ನೋದನ್ನು 2016ರಲ್ಲೇ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿಸಿದರು. ಬೆಚ್ಚಿಬಿದ್ದವನ ಮೊದಲ ಮಾತೇ ಅಯ್ಯೋ. ದಕ್ಷಿಣದ್ದು ಆಗಲೇ ಒಳಗೆ ಹೋಗಿ ಕೂತಿದೆ.

ಬೀದರ್ ಬಿಸಿಲು

ಅಚ್ಚಕನ್ನಡಿಗರೇ, ಬ್ಯಾಂಕಿನ ಫಾರಂ ವಿಷಯದಲ್ಲಿ ನಾನು ನಿಮ್ಮ ಜೊತೆಗೇ ಇದ್ದೇನೆ. ಆದರೆ ಗಾಬರಿ ಯಾವ ಊರಿನದು ಅಂದುಕೊಂಡಿದ್ದೀರಿ?

ಮರಾಠಿಯಲ್ಲಿ ಘಾಬರಣೆ, ಘಾಬರಾ. ತೆಲುಗಿನಲ್ಲಿ ಗಾಭರಾ. ಗುಜರಾತಿಯಲ್ಲಿ ಗಭರಾವುಂ. ಹಿಂದಿ, ಉರ್ದುವಿನಲ್ಲಿ ಘಬರಾನಾ. ಎಲ್ಲವೂ ಒಂದೇ ಮನೆಯ ಮಕ್ಕಳು. ನಮ್ಮದು ದೀರ್ಘ ‘ಗಾ’, ಮರಾಠಿಯ ಹಾಗೆ. ಹಿಂದಿಯದು ಹ್ರಸ್ವ. ಹಾಗಾಗಿ ನೇರ ಹಿಂದಿಯಿಂದ ಅಲ್ಲ, ಮರಾಠಿ ಕಡೆಯಿಂದ ಬಂದಿರಬೇಕು ಅಂತ ನನಗೆ ಅನ್ನಿಸುತ್ತದೆ. ಪೇಶ್ವೆಗಳ ಆಳ್ವಿಕೆ, ಆಮೇಲೆ ಮುಂಬೈ ಪ್ರಾಂತ್ಯ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಕಚೇರಿ ಕಾಗದವೆಲ್ಲ ಮರಾಠಿ ಆಗಿದ್ದ ಕಾಲ ಇತ್ತು. ಪದಗಳು ಬರೋದಕ್ಕೆ ದಾರಿ ಬೇಕಾದಷ್ಟು.

ಅಚ್ಚಕನ್ನಡಿಗ

ಸರಿ, ಗಾಬರಿಯೂ ಬೇಡ. ಬೆಚ್ಚು ಇದೆ, ಬೆದರು ಇದೆ, ಅಳುಕು, ದಿಗಿಲು, ಹೌಹಾರು, ತಬ್ಬಿಬ್ಬು. ಸಾಕಲ್ವಾ?

ಮೈಸೂರು ಸೊಸೆ

ಇವೆಲ್ಲ ಒಂದೇ ಅಲ್ಲ ಸಾರ್! ಅಡುಗೆಮನೆಗೆ ಬನ್ನಿ, ತೋರಿಸ್ತೀನಿ. ಕುಕ್ಕರ್ ಇದ್ದಕ್ಕಿದ್ದಂತೆ ಸೀಟಿ ಹೊಡೆದರೆ ಬೆಚ್ಚಿಬೀಳ್ತೀವಿ. ಅರ್ಧ ನಿಮಿಷದಲ್ಲಿ ಮರೆತೂ ಹೋಗುತ್ತೆ. ಇಟ್ಟು ಇಪ್ಪತ್ತು ನಿಮಿಷ ಆದರೂ ಕುಕ್ಕರ್ ಕೂಗಲಿಲ್ಲ ಅನ್ನಿ, ಆಗ ಗಾಬರಿ. ನೀರು ಹಾಕಿದ್ದೆನಾ? ವೆಯ್ಟ್ ಕಟ್ಟಿಕೊಂಡಿದೆಯಾ? ಒಲೆ ಆರಿಸಲಾ? ಕೈ ಸುಮ್ನೆ ಇರಲ್ಲ. ಸೌಟು ಎತ್ತಿ ಇಡ್ತೀವಿ, ಸೆರಗಲ್ಲಿ ಕೈ ಒರೆಸ್ತೀವಿ, ಒಲೆ ಹತ್ತಿರ ಹೋಗ್ತೀವಿ, ಹಿಂದೆ ಬರ್ತೀವಿ. ದಿಗಿಲು ಇನ್ನೊಂದು ಥರ. ರಾತ್ರಿ ಹತ್ತಾದರೂ ಮಗ ಮನೆಗೆ ಬಂದಿಲ್ಲ, ಫೋನ್ ಸ್ವಿಚ್ ಆಫ್. ಕೂತಲ್ಲೇ ಕೂತಿರ್ತೀವಿ, ಹೊಟ್ಟೆ ಒಳಗೆ ಮಾತ್ರ ಏನೋ ತಿರುವಿದ ಹಾಗೆ.

ಇದಕ್ಕೆಲ್ಲ ಒಟ್ಟಿಗೆ ಇಂಗ್ಲಿಷ್‌ನಲ್ಲಿ ನರ್ವಸ್ ಅಂದುಬಿಟ್ಟರೆ ಏನು ಸಿಕ್ಕ ಹಾಗಾಯಿತು? ಈಗೀಗ ಕನ್ನಡ ಕಥೆಗಳಲ್ಲೂ ‘ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಯಿತು’ ಅಂತ ಬರೀತಾರೆ. ನಮ್ಮ ಹೊಟ್ಟೆಗೆ ಚಿಟ್ಟೆ ಯಾವಾಗ ಹೋಯಿತೋ!

ಸುಮ್ನಿರ್ಲಾರೆ

ನಮ್ಮ ಹೊಟ್ಟೆಯಲ್ಲಿ ಇಲಿ ಓಡುತ್ತೆ. ಅದು ಹಸಿವಿಗೆ.

ರಾತ್ರಿಪಾಳಿ

ಇಷ್ಟು ಹೊತ್ತು ಓದುತ್ತಾ ಇದ್ದೆ. ಕೆರೆದಂಡೆ ಅವರು ‘ಇದು ಯಾಕೆ ಬೇಕಾಯಿತು’ ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇದೆ.

ನಾನು ಡಾಕ್ಟರ್. ಹುಟ್ಟಿದ್ದು ಹಾಸನದ ಕಡೆ, ಕೆಲಸ ಈಗ ದೆಹಲಿಯ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ. ಇಲ್ಲಿ ಕೇಸ್ ಶೀಟ್ ಬರೆಯೋದು ಪೂರ್ತಿ ಇಂಗ್ಲಿಷ್‌ನಲ್ಲಿ. ಆದರೂ ರೋಗಿಯ ದೂರು ಬರೆಯೋ ಮೊದಲ ಸಾಲಿನಲ್ಲಿ ಎಷ್ಟೋ ಸಲ ‘ಘಬರಾಹಟ್’ ಅಂತಲೇ ಬರೀತೇವೆ, ಇಂಗ್ಲಿಷ್ ಅಕ್ಷರದಲ್ಲಿ. ‘ಘಬರಾಹಟ್ ಸಿನ್ಸ್ ಮಾರ್ನಿಂಗ್’. ನಾನೊಬ್ಬಳೇ ಅಲ್ಲ, ಉತ್ತರದ ಕಡೆ ಕೆಲಸ ಮಾಡಿದ ಯಾರನ್ನು ಬೇಕಾದರೂ ಕೇಳಿ. ತಮಾಷೆಗೆ ಬರೆಯೋದಲ್ಲ. ಬೇರೆ ದಾರಿ ಇಲ್ಲ.

ಯಾಕೆ ಅಂದರೆ, ಅರವತ್ತು ದಾಟಿದ ಒಬ್ಬ ಅಮ್ಮ ಬರ್ತಾರೆ. ಎದೆ ಮೇಲೆ ಅಂಗೈ ಇಟ್ಟುಕೊಂಡು ‘ಬೇಟಾ, ಬಹುತ್ ಘಬರಾಹಟ್ ಹೋ ರಹೀ ಹೈ’ ಅಂತಾರೆ. ಅದು ಎದೆಬಡಿತ ಜೋರಾಗಿರೋದು ಆಗಿರಬಹುದು. ಉಸಿರು ಸಾಲದೆ ಇರೋದು ಆಗಿರಬಹುದು. ವಾಂತಿ ಬರೋ ಹಾಗಾಗೋದು, ಸಕ್ಕರೆ ಇಳಿದಿರೋದು, ಮನೆಯಲ್ಲಿ ಜಗಳ ಆಗಿ ಮನಸ್ಸು ಕೆಟ್ಟಿರೋದು, ಏನೂ ಆಗಿರಬಹುದು. ಹೃದಯಾಘಾತವೂ ಆಗಿರಬಹುದು. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇರೋರಿಗೆ ಎಷ್ಟೋ ಸಲ ಎದೆನೋವೇ ಇಲ್ಲದೆ ಹೃದಯಾಘಾತ ಆಗುತ್ತದೆ. ಬರೀ ಸಂಕಟ, ಬೆವರು, ಸುಸ್ತು ಅಷ್ಟೇ.

ಈಗ ನಾನು ಮೊದಲ ಸಾಲಲ್ಲಿ ‘ಆಂಗ್ಸೈಟಿ’ ಅಂತ ಬರೆದೆ ಅನ್ನಿ. ಮುಂದಿನ ಪಾಳಿಯ ಡಾಕ್ಟರ್ ಅದನ್ನು ಓದಿದ ತಕ್ಷಣ ‘ಓಹೋ, ಮನಸ್ಸಿನ ವಿಷಯ’ ಅಂದುಕೊಳ್ಳೋ ಅಪಾಯ ಇದೆ. ‘ಪಾಲ್ಪಿಟೇಷನ್’ ಅಂತ ಬರೆದರೆ ಎದೆಬಡಿತ ಮಾತ್ರ ನೋಡ್ತಾರೆ. ಎರಡೂ ಆಕೆ ಹೇಳಿದ ಮಾತಲ್ಲ, ನಾನು ಕಟ್ಟಿದ ಅರ್ಥ. ಘಬರಾಹಟ್ ಅಂತ ಬಿಟ್ಟರೆ ಎಲ್ಲಾ ಬಾಗಿಲೂ ತೆರೆದಿರುತ್ತದೆ. ಓದಿದವರಿಗೂ ಗೊತ್ತಾಗುತ್ತದೆ, ಇನ್ನೂ ಹುಡುಕಬೇಕು, ಮೊದಲು ಇಸಿಜಿ ತೆಗೀಬೇಕು ಅಂತ.

ಬೆಂಗಳೂರಿನಲ್ಲಿ ಓದುವಾಗ ಇದಕ್ಕೆ ಸಮನಾದದ್ದು ಕೇಳುತ್ತಿದ್ದೆ. ‘ಒಂಥರಾ ಆಗ್ತಿದೆ ಡಾಕ್ಟ್ರೇ’. ಯಾವ ಥರಾ ಅಂತ ಕೇಳಿದರೆ, ‘ಅದೇ, ಒಂಥರಾ’! ಹಾಸನದ ಕಡೆ ‘ಸಂಕಟ’. ಒಂಥರಾ ಅನ್ನೋದನ್ನು ಯಾರೂ ಕೇಸ್ ಶೀಟಿನಲ್ಲಿ ಬರೆದದ್ದು ನಾನು ನೋಡಿಲ್ಲ. ಬರೆಯಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಕೆರೆದಂಡೆ

ಮೇಡಂ, ಇದು ನಾನು ಯೋಚಿಸಿಯೇ ಇರಲಿಲ್ಲ. ಹೀಗೆ ನಮ್ಮ ಪದ ಇಟ್ಟುಕೊಳ್ಳೋದು ನಿಮ್ಮ ಪುಸ್ತಕಗಳಲ್ಲೂ ಇದೆಯಾ, ಇಲ್ಲ ಬರೀ ಡ್ಯೂಟಿ ರೂಮಿನ ಅಭ್ಯಾಸವಾ?

ರಾತ್ರಿಪಾಳಿ

ಮನೋವೈದ್ಯದಲ್ಲಿ ಇದೆ. ಎನ್. ಎನ್. ವಿಗ್ ಅನ್ನೋ ಭಾರತೀಯ ಮನೋವೈದ್ಯರು 1960ರಲ್ಲಿ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಧಾತು, ಅಂದರೆ ವೀರ್ಯ, ನಷ್ಟ ಆಗ್ತಿದೆ ಅಂತ ಹೆದರಿ ಸೊರಗೋ ಗಂಡಸರ ತೊಂದರೆ ಅದು. ಆ ಪದ ಹಾಗೇ ಅಂತರರಾಷ್ಟ್ರೀಯ ಪುಸ್ತಕಗಳಿಗೆ ಹೋಯಿತು. ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿರೋ ಪಂಜಾಬಿಗಳು ‘ದಿಲ್ ಘಿರ್ದಾ ಹೈ’ ಅನ್ನೋದರ ಬಗ್ಗೆಯೂ 1989ರಲ್ಲಿ ಒಂದು ಹೆಸರಾಂತ ಲೇಖನ ಬಂತು. ಅಲ್ಲಿ ಮಾತ್ರ ಅದನ್ನು ‘ಸಿಂಕಿಂಗ್ ಹಾರ್ಟ್’ ಅಂತ ಇಂಗ್ಲಿಷ್ ಮಾಡಿದರು. ನನಗೆ ಹಾಗೆ ಮಾಡಿದ್ದು ಅಷ್ಟು ಇಷ್ಟ ಆಗಲ್ಲ, ಅದು ಬಿಡಿ.

ಥೇಮ್ಸ್ ದಡ

ಲಂಡನ್ನಿನಿಂದ. ಇಲ್ಲಿ ನನ್ನ ಜೊತೆ ಕೆಲಸ ಮಾಡೋ ಒಬ್ಬ ಪಾಕಿಸ್ತಾನ ಮೂಲದ ಹುಡುಗ ಯಾವುದೇ ಮೀಟಿಂಗ್ ಹದಗೆಟ್ಟರೂ ‘ಫೋಕ್ಸ್, ಘಬರಾನಾ ನಹೀ ಹೈ’ ಅಂತಾನೆ. ಇಮ್ರಾನ್ ಖಾನ್ ಪ್ರಧಾನಿಯಾಗಿದ್ದಾಗ ಜನರಿಗೆ ಹೇಳುತ್ತಿದ್ದ ಮಾತು ಅದು, ‘ನೀವು ಗಾಬರಿಯಾಗಬಾರದು’ ಅಂತ. ಬೆಲೆ ಏರಿದಾಗೆಲ್ಲ ಜನ ಅದನ್ನೇ ತಿರುಗಿಸಿ ಗೇಲಿ ಮಾಡಿದರು. ಈಗ ಇಂಗ್ಲಿಷ್ ವಾಕ್ಯದ ನಡುವೆ ಆ ಮೂರು ಮಾತು ಬಂದರೆ ಉರ್ದು ಬಾರದ ನಮ್ಮ ಐರಿಷ್ ಮ್ಯಾನೇಜರಿಗೂ ಅರ್ಥ ಆಗುತ್ತದೆ. ಏನೋ ಕೆಟ್ಟಿದೆ, ಯಾರೂ ಒಪ್ಪಿಕೊಳ್ಳಲ್ಲ ಅಂತ.

ಸೋಲ್ಜರ್‌ಗಳ ಮಾತು ಬಂತಲ್ಲ, ಇಲ್ಲಿ ಇನ್ನೂ ಕೆಲವು ಬದುಕಿವೆ. ವಿಲಾಯತಿಯಿಂದ ಬಂದ ‘ಬ್ಲೈಟಿ’, ಅಂದರೆ ಬ್ರಿಟನ್. ಖುಷಿಯಿಂದ ‘ಕುಶಿ’, ಆರಾಮದ ಕೆಲಸಕ್ಕೆ ಹೇಳ್ತಾರೆ. ತಲೆ ಕೆಟ್ಟವನಿಗೆ ‘ಡೂಲಾಲಿ’. ಅದು ನಾಸಿಕ್ ಹತ್ತಿರದ ದೇವಲಾಲಿ ಅನ್ನೋ ಊರು. ಬ್ರಿಟಿಷ್ ಸೇನೆಯ ಕ್ಯಾಂಪ್ ಇತ್ತು. ಊರಿಗೆ ಹೋಗೋ ಹಡಗಿಗೆ ಕಾದು ಕಾದು ಸೋಲ್ಜರ್‌ಗಳಿಗೆ ಅಲ್ಲಿ ತಲೆ ಕೆಡುತ್ತಿತ್ತಂತೆ. ಗಬ್‌ಬ್ರೌ ಮಾತ್ರ ನಾನು ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ.

ಹಳೇ ಕರಡು

ಹಾಗಾದರೆ ‘ಘೇರಾವ್’? ಅದೂ ಇಂಗ್ಲಿಷ್ ಪೇಪರುಗಳಲ್ಲಿ ದಿನಾ ಬರುತ್ತದೆ. ‘ಎಂಎಲ್ಎ ಘೇರಾವೋಡ್’ ಅಂತ ಹೆಡ್‌ಲೈನ್ ನೋಡಿದ್ದೇನೆ. ಕನ್ನಡದಲ್ಲಿ ನಾವು ‘ಮುತ್ತಿಗೆ’ ಅಂತ ತಿದ್ದುತ್ತಿದ್ದೆವು. ಘಬರಾವೋ, ಘೇರಾವೋ, ಒಂದೇ ಅಚ್ಚಿನವು ಅಲ್ವಾ?

ನಿಘಂಟುಹುಳ

ಕೇಳೋದಕ್ಕೆ ಒಂದೇ, ಹುಟ್ಟು ಬೇರೆ. ಘೇರಾವ್ ನಾಮಪದ. ಚುನಾವ್, ಬಚಾವ್ ಥರ. ಸುತ್ತುವರಿಯೋದು ಅಂತ ಅರ್ಥ. 1967ರಲ್ಲಿ ಪಶ್ಚಿಮ ಬಂಗಾಳದ ಕಾರ್ಖಾನೆಗಳಲ್ಲಿ ಕಾರ್ಮಿಕರು ಮ್ಯಾನೇಜರ್‌ಗಳನ್ನು ಸುತ್ತುವರಿದು ಕೂರಿಸೋದಕ್ಕೆ ಶುರು ಮಾಡಿದಾಗ ಪದ ಇಂಗ್ಲಿಷ್ ಪತ್ರಿಕೆಗಳಿಗೆ ನುಗ್ಗಿತು. ವಿಷಯ ಕಲ್ಕತ್ತಾ ಹೈಕೋರ್ಟಿನವರೆಗೂ ಹೋಯಿತು. ಈಗ ಇಂಗ್ಲಿಷ್ ನಿಘಂಟುಗಳಲ್ಲಿ ನಾಮಪದವಾಗಿಯೂ ಇದೆ, ಕ್ರಿಯಾಪದವಾಗಿಯೂ ಇದೆ.

ನನಗೆ ಮಜಾ ಅನ್ನಿಸೋದು ಇದು. ಗಬ್‌ಬ್ರೌ ಸಾಹೇಬರು ಆಳನ್ನು ಹೆದರಿಸೋ ಪದ, ಅದು ಸತ್ತಿತು. ಘೇರಾವ್ ಆಳುಗಳು ಸಾಹೇಬರನ್ನು ಹೆದರಿಸೋ ಪದ, ಅದು ಉಳಿಯಿತು.

ಸುಮ್ನಿರ್ಲಾರೆ

ಬಚಾವ್! ಅದು ನಮ್ಮಲ್ಲೂ ಇದೆ. ‘ಸದ್ಯ, ಬಚಾವಾದೆ’. ಘಬರಾವ್ ಆಗದೆ ಬಚಾವ್ ಆದೆ ಅಂತ ಬೇಕಾದರೆ ಬರೆದುಕೊಳ್ಳಿ.

ಅಚ್ಚಕನ್ನಡಿಗ

ನಾನು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕನ್ನಡಿಗರು ತಮ್ಮ ಪದವನ್ನು ಹೀಗೆ ಧೈರ್ಯವಾಗಿ ಇಂಗ್ಲಿಷ್‌ನಲ್ಲಿ ಆಡ್ತಾರಾ, ಇಲ್ಲವಾ?

ಮೈಸೂರು ಸೊಸೆ

ಆಡ್ತಾರೆ ಸಾರ್. ‘ಐ ಆಮ್ ಫುಲ್ ಬೇಜಾರ್ ಯಾ’ ಅನ್ನದ ಬೆಂಗಳೂರು ಹುಡುಗಿಯನ್ನು ತೋರಿಸಿ. ಬೋರ್ಡ್ ಅಂದರೂ ಅದಲ್ಲ, ಸ್ಯಾಡ್ ಅಂದರೂ ಅದಲ್ಲ. ನನ್ನ ನಾದಿನಿ ಮಕ್ಕಳು ಬಿಹಾರದ ಸ್ನೇಹಿತರಿಗೂ ಅದನ್ನು ಕಲಿಸಿದ್ದಾರೆ. ಸಕ್ಕತ್ ಇದೆ, ಗುರು ಇದೆ. ಬೇಜಾರು ಪಾರಸಿಯಿಂದ ಬಂತು ಅಂತ ಯಾರೋ ಈಗ ಬರೆಯೋದಕ್ಕೆ ಮುಂಚೆ ನಾನೇ ಹೇಳಿಬಿಡ್ತೀನಿ, ಬೇಜಾರ್. ಗೊತ್ತು.

ನಿಘಂಟುಹುಳ

ಅದನ್ನೇ ಟೈಪ್ ಮಾಡ್ತಾ ಇದ್ದೆ. ಅಳಿಸಿದೆ.

ಬೀದರ್ ಬಿಸಿಲು

ಅಚ್ಚಕನ್ನಡಿಗರಿಗೆ ನನ್ನ ಉತ್ತರ. ಕೂತವರೆಲ್ಲರಿಗೂ ತಿಳಿಯೋ ಹಾಗಿದ್ದರೆ ಯಾವ ಪದ ಬೇಕಾದರೂ ಬರಲಿ. ಅದೇ ಗ್ರೂಪ್‌ನಲ್ಲಿ ಟೆಕ್ಸಾಸ್‌ನವರು ಇದ್ದಾರೆ, ಹಿಂದಿ ಬಾರದ ಕೊಯಮತ್ತೂರಿನವರೂ ಇರಬಹುದು. ಸರ್ವರ್ ಬಿದ್ದಾಗ ಕೊಡೋ ಸೂಚನೆ ಎಲ್ಲರಿಗೂ ತಿಳಿಯೋ ಭಾಷೆಯಲ್ಲೇ ಇರಬೇಕು. ಸಂಜೆ ನಗೋದಕ್ಕೆ ಘಬರಾವ್ಡ್ ಅಂದರೆ ಯಾರಿಗೆ ನಷ್ಟ? ಆದರೆ ‘ಹಿಂದಿ ಎಲ್ಲರಿಗೂ ಬರುತ್ತೆ ಬಿಡಿ’ ಅಂತ ಹೇಳಿ ಆಡಿದರೆ ಅಲ್ಲಿಂದ ಜಗಳ ಶುರು. ಆ ಜಗಳದಲ್ಲಿ ನಾನೂ ಬರ್ತೀನಿ, ಮನೆಮಾತು ದಖನಿ ಆದರೂ.

ಅಚ್ಚಕನ್ನಡಿಗ

ಇದನ್ನು ಒಪ್ತೀನಿ. ಮುಂದಿನ ವಾರ ನಮ್ಮ ಆಫೀಸಿನ ಗ್ರೂಪ್‌ನಲ್ಲಿ ‘ಡೋಂಟ್ ಹೌಹಾರ್’ ಅಂತ ಹಾಕ್ತೀನಿ. ನೋಡೋಣ.

ಸುಮ್ನಿರ್ಲಾರೆ

‘ಐ ವಾಸ್ ಹೌಹಾರ್ಡ್’. ಹಾರ್ವರ್ಡ್‌ನಲ್ಲಿ ಓದಿದ ಹಾಗಿದೆ.

ಕೆರೆದಂಡೆ

ರಾತ್ರಿಪಾಳಿ ಮೇಡಂ, ಇನ್ನೊಂದು ಪ್ರಶ್ನೆ. ನಮ್ಮ ಅತ್ತೆ ಮಾವ ಗಾಜಿಯಾಬಾದ್‌ನಲ್ಲಿ ನಾದಿನಿ ಮನೆಯಲ್ಲಿ ಇರ್ತಾರೆ. ಹಿಂದಿ ಅಷ್ಟಕ್ಕಷ್ಟೇ. ಅಲ್ಲಿ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ‘ಘಬರಾಹಟ್’ ಅಂತ ಹೇಳಿದರೆ ಸಾಕಾ?

ರಾತ್ರಿಪಾಳಿ

ಆ ಪದ ಹೇಳಲಿ, ಬಾಗಿಲು ತೆರೆಯುತ್ತದೆ. ಅಲ್ಲಿಗೇ ನಿಲ್ಲಿಸೋದು ಬೇಡ. ಯಾವಾಗ ಶುರುವಾಯಿತು, ಬೆವರು ಬಂತಾ, ಎದೆ, ದವಡೆ, ತೋಳು, ಬೆನ್ನು ಎಲ್ಲಾದರೂ ಹಿಡಿದ ಹಾಗಿದೆಯಾ, ಮೆಟ್ಟಿಲು ಹತ್ತಿದರೆ ಜಾಸ್ತಿ ಆಗುತ್ತಾ, ಇಷ್ಟು ಹೇಳಬೇಕು. ಹಿಂದಿ ಬಾರದಿದ್ದರೆ ಕೈಯಿಂದ ಮುಟ್ಟಿ ತೋರಿಸಲಿ, ಅದಕ್ಕೆ ಯಾವ ಭಾಷೆಯೂ ಬೇಡ. ಸಕ್ಕರೆ, ಬಿಪಿ ಮಾತ್ರೆಗಳ ಚೀಟಿಯನ್ನು ಪರ್ಸ್‌ನಲ್ಲೇ ಇಟ್ಟುಕೊಳ್ಳೋದಕ್ಕೆ ಹೇಳಿ. ಇದ್ದಕ್ಕಿದ್ದಂತೆ ಬಂದ ಸಂಕಟ, ಜೊತೆಗೆ ತಣ್ಣನೆ ಬೆವರು ಅಂದರೆ ಬೆಳಗಾಗಲಿ ಅಂತ ಕಾಯೋದು ಬೇಡ. ಆ ರಾತ್ರಿಯೇ ಹೋಗಬೇಕು.

ಥೇಮ್ಸ್ ದಡ

ಸಣ್ಣ ಸಂದೇಹ, ಕರಡು ಸಾರ್‌ಗೆ. ‘ಗಾಬರಿ’ ಸರಿಯಾ, ‘ಘಾಬರಿ’ ಸರಿಯಾ? ನಮ್ಮ ತಾಯಿ ಹುಬ್ಬಳ್ಳಿಯವರು, ಪತ್ರದಲ್ಲಿ ಯಾವಾಗಲೂ ‘ಘಾಬರಿ’ ಅಂತಲೇ ಬರೆಯುತ್ತಿದ್ದರು.

ಹಳೇ ಕರಡು

ಎರಡೂ ನಡೆಯುತ್ತದೆ. ನಾವು ಅಲ್ಪಪ್ರಾಣ ಹಾಕಿ ‘ಗಾಬರಿ’ ಅಂತಲೇ ಬಿಡುತ್ತಿದ್ದೆವು. ಹುಬ್ಬಳ್ಳಿ ಆವೃತ್ತಿಯ ವರದಿ ಬಂದಾಗ ಆ ‘ಘ’ದ ಹೊಟ್ಟೆ ಸೀಳೋದು ನನ್ನ ಕೆಲಸ. ಒಮ್ಮೆ ಅಲ್ಲಿನ ವರದಿಗಾರರು ಫೋನ್ ಮಾಡಿ, ‘ಸರ್, ನಿಮ್ಮ ಗಾಬರಿ ಒಳಗ ದಮ್ಮ ಇಲ್ರೀ’ ಅಂದಿದ್ದರು. ಮಹಾಪ್ರಾಣ ತೆಗೆದರೆ ದಮ್ಮು ಎಲ್ಲಿಂದ ಬರಬೇಕು! ಮರಾಠಿಯಲ್ಲಿ ‘ಘ’ ಇರೋದು ನಿಜ, ನಿಮ್ಮ ತಾಯಿ ಬರೆದದ್ದು ಮೂಲಕ್ಕೆ ಹತ್ತಿರ. ತಿದ್ದೋದಕ್ಕೆ ಹೋಗಬೇಡಿ.